‘ಲಾಗ್ ಡ್ರೈವ್’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ?

ಮಾನ್ಯರೇ,

ಅಮೆರಿಕದ ಮೇನ್ ರಾಜ್ಯದ ಮರಕಡಿತದ ಚರಿತ್ರೆಯನ್ನು ಕುರಿತ ಬರಹವೊಂದನ್ನು ಸಿದ್ಧಪಡಿಸುತ್ತಿದ್ದು, ‘ಲಾಗ್ ಡ್ರೈವ್’ (ಕಡಿದ ಮರದ ದಿಮ್ಮಿಗಳನ್ನು ಹೊಳೆಯ ಹರಿವಿನಲ್ಲಿ ಕೆಳಗಿನ ಮಿಲ್ಲುಗಳಿಗೆ ಸಾಗಿಸುವುದು) ಎಂಬ ಮಾತಿಗೆ ಒಪ್ಪುವ ಪದಕ್ಕಾಗಿ ತಮ್ಮ ಸಲಹೆ ಕೋರುತ್ತಿದ್ದೇನೆ.

ಇದನ್ನು ‘ದಿಮ್ಮಿಗಳ ತೆಪ್ಪ’ ಎಂದು ಬರೆದುಬಿಡುವುದು ಸುಲಭ. ಆದರೆ ತೆಪ್ಪವೆಂದರೆ ಬಿಗಿದು ಕಟ್ಟಿದ್ದು. ಮೇನ್‌ನ ಪೆನಾಬ್‌ಸ್ಕಾಟ್, ಕೆನೆಬೆಕ್ ನದಿಗಳಲ್ಲಿ ಬರುತ್ತಿದ್ದವು ಬಿಡಿ ದಿಮ್ಮಿಗಳು. ಚಳಿಗಾಲದಲ್ಲಿ ಕಡಿದ ಪೈನ್, ಸ್ಪ್ರೂಸ್ ಮರಗಳನ್ನು ಹಿಮದ ಮೇಲೆ ಜಾರುಬಂಡಿಗಳಲ್ಲಿ ಎಳೆತಂದು ಹೊಳೆಯ ದಡದಲ್ಲಿ ಒಟ್ಟಿ, ವಸಂತದಲ್ಲಿ ಹಿಮ ಕರಗಿ ನೀರೇರಿದಾಗ ಉರುಳಿಸಿಬಿಡುತ್ತಿದ್ದರು; ನೀರು ಸಾಲದ ಹಳ್ಳಗಳಲ್ಲಿ ಕಟ್ಟೆ ಹಾಕಿ ನೀರು ನಿಲ್ಲಿಸಿಕೊಂಡು ಒಮ್ಮೆಲೇ ತೂಬು ತೆರೆಯುತ್ತಿದ್ದರು.

‘ತೇಲಿಬಿಡುವುದು’ ಎಂದರೂ ಅರ್ಥ ತುಂಬುವುದಿಲ್ಲ, ಏಕೆಂದರೆ ನಿಜವಾದ ಕೆಲಸ ಬಿಟ್ಟ ಮೇಲೆಯೇ ಶುರುವಾಗುತ್ತಿತ್ತು. ಅಟ್ಟೆಗೆ ಮೊಳೆ ಬಡಿದ ಬೂಟು ತೊಟ್ಟ ಆಳುಗಳು ತೇಲುವ ದಿಮ್ಮಿಗಳ ಮೇಲೆಯೇ ಓಡಾಡುತ್ತ, ದಡಕ್ಕೆ ಸಿಕ್ಕಿಕೊಂಡವನ್ನು ಮತ್ತೆ ಹೊಳೆಗೆ ನೂಕುತ್ತ, ಬಂಡೆಗಳ ನಡುವೆ ದಿಮ್ಮಿಗಳು ಜಾಮ್ ಆದರೆ ಅದನ್ನು ಹಿಡಿದು ನಿಲ್ಲಿಸಿದ ಆ ಒಂದು ದಿಮ್ಮಿಯನ್ನು ಹುಡುಕಿ ಕೀಳುತ್ತ ಹಿಂದೆಯೇ ಸಾಗಬೇಕಿತ್ತು. ದನಗಳನ್ನು ‘ಅಟ್ಟಿಕೊಂಡು ಹೋಗುವ’ ಭಾವ ಇಲ್ಲಿದೆ. ಆದ್ದರಿಂದ ‘ದಿಮ್ಮಿ ಅಟ್ಟುವಿಕೆ’ ಎಂಬುದರತ್ತ ನನ್ನ ಒಲವು. ‘ಹೊಡೆದುಕೊಂಡು ಹೋಗು’ ಎಂಬುದು ಬಳಕೆಯಲ್ಲಿ ಇನ್ನೂ ಸಹಜವೇ, ಆದರೆ ಮರದ ವಿಷಯದಲ್ಲಿ ಹಾಗೆಂದರೆ ಓದುಗರು ಕಳ್ಳಸಾಗಣೆಯೆಂದೇ ತಿಳಿದಾರು!

ಜಾಮ್ ಬಿಡಿಸಲು ಬಳಸುತ್ತಿದ್ದ, ತುದಿಯಲ್ಲಿ ಚೂಪು ಮೊನೆಯೂ ಪಕ್ಕದಲ್ಲಿ ಮಡಚುವ ಕೊಕ್ಕೆಯೂ ಇರುವ ‘ಪೀವಿ’ಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. 1850ರ ದಶಕದಲ್ಲಿ ಅದನ್ನು ರೂಪಿಸಿದ ಕಮ್ಮಾರ ಜೋಸೆಫ್ ಪೀವಿಯ ಹೆಸರೇ ಉಪಕರಣಕ್ಕೆ ನಿಂತಿರುವುದರಿಂದ ಅನುವಾದದ ಪ್ರಶ್ನೆಯಿಲ್ಲ.

‘ಲಾಗ್ ಮಾರ್ಕ್’, ಅಂದರೆ ದಿಮ್ಮಿಯ ಮೇಲಿನ ಒಡೆತನದ ಗುರುತು, ಹಾಗಲ್ಲ; ಅದಕ್ಕೆ ಕನ್ನಡ ಪದ ಬೇಕು. ಹಲವು ಮಾಲೀಕರ ದಿಮ್ಮಿಗಳು ಒಂದೇ ಹೊಳೆಯಲ್ಲಿ ಬೆರೆತು ಬರುತ್ತಿದ್ದುದರಿಂದ, ಪ್ರತಿಯೊಬ್ಬರೂ ತಮ್ಮ ಗುರುತು ಕೆತ್ತಿದ ಸುತ್ತಿಗೆಯಿಂದ ದಿಮ್ಮಿಯ ತುದಿಗಳಿಗೆ ಹಲವೆಡೆ ಹೊಡೆಯುತ್ತಿದ್ದರು. ದಿಮ್ಮಿ ನೀರಿನಲ್ಲಿ ಹೇಗೆ ಹೊರಳಿದರೂ ಒಂದಾದರೂ ಗುರುತು ಮೇಲೆ ಕಾಣಲಿ ಎಂದು. ಕೆಳಗೆ ನದಿಗೆ ಅಡ್ಡವಾಗಿ ಸರಪಳಿ ಬಿಗಿದ ತಡೆಯ ಬಳಿ ಆ ಗುರುತು ನೋಡಿಯೇ ವಿಂಗಡಣೆ. ನಮ್ಮ ಅರಣ್ಯ ಇಲಾಖೆಯ ಡಿಪೋಗಳಲ್ಲಿ ನಾಟಾಗಳಿಗೆ ಬೀಳುವ ‘ಹ್ಯಾಮರ್ ಮಾರ್ಕ್’ ವಿಧಾನದಲ್ಲಿ ಇದೇ, ಆದರೆ ಅದು ಇಲಾಖೆಯ ಮುದ್ರೆ. ಅಲ್ಲಿನದು ಖಾಸಗಿ ಒಡೆತನದ ಗುರುತು. ‘ಸುತ್ತಿಗೆ ಮುದ್ರೆ’ ಎಂಬುದು ಎರಡಕ್ಕೂ ಸಲ್ಲುವುದೇ? ಮಲೆನಾಡಿನ ಡಿಪೋಗಳಲ್ಲಿ ಕೆಲಸ ಮಾಡಿದವರು ಬೇರೆ ಮಾತು ಬಳಸುತ್ತಿದ್ದರೆ ಅದನ್ನೇ ಹಿಡಿಯಲು ಸಿದ್ಧ.

ಇನ್ನೊಂದು ತೊಡಕು: ಕೆನೆಬೆಕ್‌ನಲ್ಲಿ 1976ರಲ್ಲಿ ಕೊನೆಯ ಬಾರಿ ಹೀಗೆ ಮರ ಸಾಗಿಸಿದಾಗ ಬಂದದ್ದು ಗರಗಸದ ಮಿಲ್ಲಿನ ಉದ್ದ ದಿಮ್ಮಿಗಳಲ್ಲ, ಕಾಗದದ ಕಾರ್ಖಾನೆಗೆ ಬೇಕಾದ ಗಿಡ್ಡ ತುಂಡುಗಳು. ಇವನ್ನೂ ‘ದಿಮ್ಮಿ’ ಎನ್ನಬಹುದೇ, ಅಥವಾ ‘ಕೊರಡು’ ಎಂದು ಬೇರ್ಪಡಿಸಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.