ಬಂಗ್ಲೆ ಸಾಮಾನಿನಲ್ಲಿ ಸಿಕ್ಕ ಉಕ್ಕಿನ ಹೆಲ್ಮೆಟ್: ಅಂಚಲ್ಲಿ ಎರಡು ತೂತು, ಮ್ಯಾಗ್ನೆಟ್ ಗಟ್ಟಿ ಹಿಡಿಯುತ್ತೆ. ಅಸಲಿಯೇ?

ಸಕಲೇಶಪುರ_ತೋಟ
ನಮಸ್ಕಾರ. ಸಕಲೇಶಪುರದ ಹತ್ತಿರ ಹಳೇ ಎಸ್ಟೇಟ್ ಬಂಗ್ಲೆಯೊಂದರ ಸಾಮಾನು ಮಾರಾಟಕ್ಕಿದೆ. ಅದರಲ್ಲಿ ಒಂದು ಮಿಲಿಟರಿ ಹೆಲ್ಮೆಟ್. ಬೋಗುಣಿ ಮಗುಚಿಟ್ಟ ಹಾಗಿದೆ, ಸುತ್ತ ಅಗಲ ಅಂಚು. ನೆತ್ತಿಯಲ್ಲಿ ಸ್ಕ್ರೂ, ಒಳಗೆ ಕೂಡಿಸು ಚಿಹ್ನೆಯಂಥ ರಬ್ಬರ್ ದಿಂಬು, ಕಪ್ಪು ರೆಕ್ಸಿನ್ ತರಹದ ಲೈನರ್ (ತಲೆಗೆ ತಾಗುವ ಒಳಪದರ). ಗದ್ದದ ಪಟ್ಟಿ ಅರ್ಧ ಹರಿದಿದೆ, ಅದರ ಎರಡೂ ತುದಿಗೆ ಸ್ಪ್ರಿಂಗ್ ಇವೆ. ಅಂಚಿನಲ್ಲಿ ಎರಡು ಸಣ್ಣ ತೂತು. ಮ್ಯಾಗ್ನೆಟ್ ಗಟ್ಟಿ ಹಿಡಿಯುತ್ತೆ. ಮಾರುವವರು 1916ರದ್ದು ಅಂತಾರೆ. ನಂಬಬಹುದಾ? ತುಕ್ಕು ಉಜ್ಜಿದರೆ ಗುರುತು ಕಾಣುತ್ತೇನೋ, ಉಜ್ಜಲಾ?

ಹಳೇಉಕ್ಕು
ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು, ನಿಂಬೆ, ಉಪ್ಪುಕಾಗದ ಯಾವುದೂ ಬೇಡ. ತುಕ್ಕಿನ ಜೊತೆ ಕಾರ್ಖಾನೆಯ ಬಣ್ಣವೂ ಹೋಗುತ್ತೆ. ಬಣ್ಣ ಹೋದ ಮೇಲೆ ಅಸಲಿ ಅಂತ ಹೇಳೋಕೆ ಅರ್ಧ ಸಾಕ್ಷಿಯೇ ಇರಲ್ಲ.

ಇಡೀ ಹೆಲ್ಮೆಟ್ 1916ರದ್ದು ಅನ್ನೋದನ್ನು ಆ ಸ್ಕ್ರೂ ಒಂದೇ ಅಲ್ಲಗಳೆಯುತ್ತೆ. ಈ ಬೋಗುಣಿ ಆಕಾರದ ಬ್ರಿಟಿಷ್ ಹೆಲ್ಮೆಟ್‌ಗೆ ಜಾನ್ ಬ್ರೋಡಿ 1915ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಲೈನರ್ ಹಿಡಿಯೋದು ನೆತ್ತಿಯ ರಿವೆಟ್, ಗದ್ದದ ಪಟ್ಟಿ ಚರ್ಮದ್ದು. ಸ್ಕ್ರೂ, ರಬ್ಬರ್ ದಿಂಬು, ಸ್ಪ್ರಿಂಗ್ ಇರುವ ನೇಯ್ಗೆ ಪಟ್ಟಿ, ಈ ಮೂರೂ 1938ರಲ್ಲಿ ಬಂದ ಅದರ ಮುಂದಿನ ಮಾದರಿ ಮಾರ್ಕ್ 2ರ ಲಕ್ಷಣ. ಒಂದು ಎಚ್ಚರಿಕೆ: ಎರಡನೇ ಯುದ್ಧ ಹತ್ತಿರವಾದಾಗ ಮೊದಲ ಯುದ್ಧದ ಹಳೇ ಮಾರ್ಕ್ 1 ಮಾದರಿಯ ಶೆಲ್‌ಗಳಿಗೇ (ಶೆಲ್ ಅಂದರೆ ಹೆಲ್ಮೆಟ್‌ನ ಉಕ್ಕಿನ ಚಿಪ್ಪು) ಹೊಸ ಲೈನರ್ ಹಾಕಿ ಮತ್ತೆ ಬಳಸಿದ್ದಾರೆ. ಹಾಗಾಗಿ ಅಂಚಿನ ಅಡಿಭಾಗ ನೋಡಿ. ಎಚ್‌ಎಸ್ (ಹ್ಯಾಡ್‌ಫೀಲ್ಡ್ಸ್) ಅಥವಾ ಎಫ್‌ಎಸ್ (ಫರ್ತ್) ಎಂಬ ಉಕ್ಕಿನ ಕಂಪನಿಯ ಮುದ್ರೆ ಇದ್ದರೆ ಶೆಲ್ ಮೊದಲ ಯುದ್ಧದ್ದೇ ಆಗಿರಬಹುದು.

ಮಾರ್ಕ್ 2 ಆದರೆ ಗದ್ದದ ಪಟ್ಟಿ ಸಿಕ್ಕಿಸಿದ ಕೊಂಡಿಯ ಮೇಲೆ ತಯಾರಕರ ಅಕ್ಷರ, ಇಸವಿ ಇರುತ್ತೆ. ಶೆಲ್ಲಿನ ಮುದ್ರೆ ಕೊಂಡಿಯ ಆಸುಪಾಸು, ಅಂಚಿನ ಅಡಿಯಲ್ಲಿ. ಬಿಎಂಬಿ ಅಂದರೆ ಬ್ರಿಗ್ಸ್ ಮೋಟಾರ್ ಬಾಡೀಸ್, ಜೆಎಸ್‌ಎಸ್ ಅಂದರೆ ಜೋಸೆಫ್ ಸ್ಯಾಂಕಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಲೋಹಕ್ಕೆ ಒರಗಿಸಿದಷ್ಟು ಓರೆಯಾಗಿ ಹಿಡಿದು ಓದಿ. ಆಗದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಮಲಗಿಸಿ ಮೆಲ್ಲಗೆ ಉಜ್ಜಿ, ಅಚ್ಚು ಮೂಡುತ್ತೆ.

ಮೂಡಿಗೆರೆ_ಅಟ್ಟ
ಮ್ಯಾಗ್ನೆಟ್ ಮತ್ತು ತೂತು ಎರಡನ್ನೂ ಒಟ್ಟಿಗೆ ನೋಡಬೇಕು. ಯುದ್ಧಭೂಮಿಯ ಮಾರ್ಕ್ 2 ಮ್ಯಾಂಗನೀಸ್ ಉಕ್ಕಿನದು, ಮ್ಯಾಂಗನೀಸ್ ಸುಮಾರು ಶೇ. 12. ಆ ಉಕ್ಕಿಗೆ ಮ್ಯಾಗ್ನೆಟ್ ಅಂಟಲ್ಲ, ಅಂಟಿದರೂ ಜಾರಿ ಬೀಳುತ್ತೆ. (ಕಾರ್ಖಾನೆಯಲ್ಲಿ ಉಕ್ಕು ಕಾಯಿಸುವಾಗ ಮೇಲ್ಮೈಯ ಇಂಗಾಲ ಹೋದ ಕಡೆ ಸ್ವಲ್ಪ ಎಳೆತ ಸಿಗುತ್ತೆ, ಅಷ್ಟಕ್ಕೇ ನಕಲಿ ಅನ್ನಬೇಡಿ.) ಗಟ್ಟಿಯಾಗಿ ಕಚ್ಚಿದರೆ ಸಾದಾ ಉಕ್ಕು. ಕೊಂಡಿ, ಸ್ಪ್ರಿಂಗ್ ಹತ್ತಿರ ಪರೀಕ್ಷೆ ಮಾಡಬೇಡಿ, ಶೆಲ್ಲಿನ ನಡುಭಾಗದಲ್ಲಿ ಮಾಡಿ.

ಸಾದಾ ಉಕ್ಕು ಅಂದಾಕ್ಷಣ ನಕಲಿ ಅಲ್ಲ. ದರ್ಜೆ ಕಡಿಮೆ ಇದ್ದ ಬ್ರಿಟಿಷ್ ಶೆಲ್‌ಗಳ ಅಂಚಿಗೆ ತೂತು ಕೊರೆದು, ಸೈನಿಕರಿಗೆ ಕೊಡದೆ ನಾಗರಿಕ ರಕ್ಷಣಾ ದಳಗಳಿಗೆ ಕೊಡುತ್ತಿದ್ದರು. ನಿಮ್ಮದು ಅದಕ್ಕೆ ಸರಿಯಾಗಿ ಹೊಂದುತ್ತೆ. ಹಿಂದುಗಡೆ ಸಾಲಾಗಿ ಮೂರು ತೂತಿದ್ದರೆ ಅದು ದಕ್ಷಿಣ ಆಫ್ರಿಕಾದ ತಯಾರಿಕೆ, ಬೇರೆಯೇ ಲೆಕ್ಕ. ತೂತಿನ ಒಳಗೋಡೆಯನ್ನೂ ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯಲ್ಲಿ ಕೊರೆದಿದ್ದರೆ ಬಣ್ಣವೋ ಕಪ್ಪು ತುಕ್ಕೋ ಒಳಗೂ ಇರಬೇಕು. ಹೊಳೆಯುವ ಲೋಹ ಕಂಡರೆ ಮೊನ್ನೆ ಮೊನ್ನೆ ಕೊರೆದದ್ದು.

ಬಾಬಾಬುಡನ್_ಬೆಟ್ಟ
ಮೋಸ ಹೆಚ್ಚು ನಡೆಯೋದು ಶೆಲ್ಲಿನಲ್ಲಲ್ಲ, ಲೈನರ್, ಪಟ್ಟಿ, ಬಣ್ಣದಲ್ಲಿ. ಖಾಲಿ ಶೆಲ್ ಅಗ್ಗಕ್ಕೆ ತಂದು ಹೊಸ ಲೈನರ್ ಕೂರಿಸಿ ಟೀ ಡಿಕಾಕ್ಷನ್‌ನಲ್ಲಿ ಹಳೇದು ಮಾಡ್ತಾರೆ. ಲೈನರ್ ನಿಜವಾಗಿ ಹಳೇದಾದರೆ ಬೆವರಿನ ಕಲೆ ಹಣೆಯ ಕಡೆ ದಟ್ಟ, ಹಿಂದೆ ತೆಳು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಎಲ್ಲಾ ಕಡೆ ಒಂದೇ ಬಣ್ಣಕ್ಕೆ ತಿರುಗಿದ್ದರೆ ಅನುಮಾನಪಡಿ. ತುಕ್ಕೂ ಹಾಗೇ: ಅಸಲಿ ತುಕ್ಕು ರಿವೆಟ್ ಸುತ್ತ, ಅಂಚಿನ ಪಟ್ಟಿಯ ಅಡಿ ಶುರುವಾಗಿ ಬಣ್ಣವನ್ನು ಒಳಗಿಂದ ಎತ್ತಿರುತ್ತೆ, ಗಾಢ ಕಂದು. ಆಸಿಡ್ ಹಾಕಿ ತಂದ ತುಕ್ಕು ಕಿತ್ತಳೆ ಪುಡಿ, ಬೆರಳಿಗೆ ಅಂಟುತ್ತೆ.

365 ನ್ಯಾನೋಮೀಟರ್ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಪಟ್ಟಿಯ ಹೊಲಿಗೆ ದಾರಕ್ಕೆ ಹಿಡಿಯಿರಿ. ನೀಲಿ-ಬಿಳಿ ಹೊಳೆದರೆ ಈಚಿನ ದಾರ. ಆದರೆ ಈಗಿನ ಡಿಟರ್ಜೆಂಟ್‌ನಲ್ಲಿ ತೊಳೆದ ಹಳೇ ಪಟ್ಟಿಯೂ ಹೊಳೆಯುತ್ತೆ, ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ.

ಸಕಲೇಶಪುರ_ತೋಟ
ಟಾರ್ಚ್ ಓರೆ ಹಿಡಿದಾಗ ಕೊಂಡಿಯಲ್ಲಿ 1940 ಕಂಡಿತು. ಲೈನರಿನಲ್ಲಿ 1939. ಶೆಲ್ಲಿನದು ಓದೋಕಾಗ್ತಿಲ್ಲ. ತೂತಿನ ಒಳಗೂ ಬಣ್ಣ ಇದೆ. ಇಸವಿ ಬೇರೆ ಬೇರೆ ಇದ್ದರೆ ತಪ್ಪಾ?

ಹಳೇಉಕ್ಕು
ತಪ್ಪಲ್ಲ. ಲೈನರ್ ಒಂದು ಕಡೆ, ಶೆಲ್ ಇನ್ನೊಂದು ಕಡೆ ತಯಾರಾಗಿ ಆಮೇಲೆ ಜೋಡಣೆ. ಒಂದು ವರ್ಷದ ಅಂತರ ಸಹಜ. ನನ್ನ ಪ್ರಕಾರ ನಾಗರಿಕ ರಕ್ಷಣೆಯ ಅಸಲಿ ಮಾರ್ಕ್ 2. ಯುದ್ಧಭೂಮಿಯದಕ್ಕಿಂತ ಬೆಲೆ ಕಡಿಮೆ, 1916ರ ಬೆಲೆಯಂತೂ ಕೊಡಬೇಡಿ. ನಿಜವಾದ ಮಾರ್ಕ್ 1 ಮುಂದೆ ಸಿಕ್ಕರೆ ಇನ್ನೊಂದು ವಿಷಯ ನೆನಪಿರಲಿ: ನೂರು ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಪುರಾತನ ವಸ್ತು ಕಾಯ್ದೆಗೆ ಒಳಪಡಬಹುದು, ಹೊರದೇಶಕ್ಕೆ ಕಳಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಲೇಬೇಕು.

ಮೂಡಿಗೆರೆ_ಅಟ್ಟ
ತಂದ ಮೇಲೆ ನಮ್ಮ ಕಡೆಯ ಮಳೆಗಾಲ ನೋಡಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಒಳಗೇ ಕೂತು ಲೈನರಿಗೆ ಬೂಷ್ಟು ಹಿಡಿಯುತ್ತೆ. ಮೃದು ಬ್ರಶ್‌ನಲ್ಲಿ ಧೂಳು ತೆಗೆದು, ಲೋಹಕ್ಕೆ ಮಾತ್ರ ಮೈಕ್ರೋಕ್ರಿಸ್ಟಲೈನ್ ಮೇಣ (ಹಳೇ ಲೋಹ ಕಾಪಾಡಲು ಬಳಸುವ ನಯವಾದ ಮೇಣ) ತೆಳುವಾಗಿ ಸವರಿ. ಎಣ್ಣೆ ಬೇಡ, ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತೆ. ಸ್ಕ್ರೂ ಬಿಚ್ಚೋಕೆ ಹೋಗಬೇಡಿ, ತುಕ್ಕು ಹಿಡಿದದ್ದನ್ನು ತಿರುಗಿಸಿದರೆ ಒಳಗಿನ ದಿಂಬೇ ಹರಿದು ಬರುತ್ತೆ. ಬಾಗಿಲು ಗಟ್ಟಿಯಾಗಿ ಮುಚ್ಚುವ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಆ ಜೆಲ್ ಅನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ.