ನಾಸಿಕ್‌ಗೆ ಅವ್ವನ ಜೊತೆ ಹೋಗಬೇಕು, ದ್ರಾಕ್ಷಿ ತೋಟವನ್ನೂ ನೋಡಬೇಕು: ಹೋಗಿ ಬಂದವರು ಹೇಳಿ

ಅಕ್ಕಲಕೋಟೆಯಿಂದ ಕೇಳಿದ್ದು:
ಅವ್ವನಿಗೆ ತ್ರ್ಯಂಬಕೇಶ್ವರ, ರಾಮಕುಂಡ ನೋಡುವ ಆಸೆ ಬಹಳ ದಿನದಿಂದ ಇದೆ. ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ನಮ್ಮ ಮನೆಯವರು ದ್ರಾಕ್ಷಿ ಬೆಳೆಯುತ್ತಾರೆ, ಅವರಿಗೆ ವೈನ್ ಮಾಡುವ ಜಾಗ ನೋಡಬೇಕಂತೆ. ಎರಡೂ ಒಟ್ಟಿಗೆ ಆಗುತ್ತಾ? ಯಾವ ತಿಂಗಳು ಹೋಗಲಿ?

ಸೊಲ್ಲಾಪುರದಿಂದ:
ಧಾರಾಳವಾಗಿ ಆಗುತ್ತದೆ ಅಕ್ಕಾ. ಆದರೆ ಹೊಳೆ ಕಡೆ ಒಂದು ದಿನ, ತೋಟದ ಕಡೆ ಇನ್ನೊಂದು ದಿನ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಅವ್ವನಿಗೂ ದಣಿವು, ನಿಮ್ಮ ಮನೆಯವರಿಗೂ ಸಮಾಧಾನ ಇರುವುದಿಲ್ಲ. ಫೆಬ್ರವರಿ ಒಳ್ಳೆಯದು. ಆಗ ವೈನ್ ದ್ರಾಕ್ಷಿಯ ಕೊಯ್ಲು ನಡೆದಿರುತ್ತದೆ, ಬಿಸಿಲೂ ನಮ್ಮ ಸೊಲ್ಲಾಪುರದಷ್ಟು ಸುಡುವುದಿಲ್ಲ.

ರಾಮಕುಂಡಕ್ಕೆ ಬೆಳಗ್ಗೆ ಬೇಗ ಹೋಗಿ. ಗೋದಾವರಿ ಅಲ್ಲಿ ಊರಿನ ನಡುವೆಯೇ ಹರಿಯುತ್ತಾಳೆ. ಅಸ್ಥಿ ಬಿಡಲು ದೂರದೂರದಿಂದ ಜನ ಬಂದಿರುತ್ತಾರೆ, ಹೊತ್ತೇರಿದಂತೆ ಗದ್ದಲ. ಹತ್ತಿರದಲ್ಲೇ ಕಪಾಲೇಶ್ವರ ಗುಡಿ ಇದೆ, ಶಿವನ ಮುಂದೆ ನಂದಿ ಇಲ್ಲದ ಗುಡಿ. ಅವ್ವನಿಗೆ ಇದನ್ನು ತೋರಿಸಿ, ಖಂಡಿತ ಕಥೆ ಕೇಳುತ್ತಾರೆ.

ಕಾಳಾರಾಮ ಮಂದಿರವನ್ನು ಸುಮ್ನೆ ಕೈಮುಗಿದು ದಾಟಬೇಡಿ. 1930ರ ಮಾರ್ಚ್ 2ರಂದು ಬಾಬಾಸಾಹೇಬ ಅಂಬೇಡ್ಕರರ ನೇತೃತ್ವದಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರುವಾದದ್ದು ಈ ಬಾಗಿಲಲ್ಲೇ. ಬಾಗಿಲು ತೆರೆಯಲಿಲ್ಲ, ಹೋರಾಟ ವರ್ಷಗಟ್ಟಲೆ ನಡೆಯಿತು. ಮಕ್ಕಳು ಜೊತೆಗಿದ್ದರೆ ಅಲ್ಲೇ ನಿಂತು ಹೇಳಿ. ನನಗಂತೂ ನಾಸಿಕ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಜಾಗ ಅದೇ.

ತ್ರ್ಯಂಬಕ ಅಲ್ಲಿಂದ ಸುಮಾರು 30 ಕಿಲೋಮೀಟರ್. ಸೋಮವಾರ ಬೇಡವೇ ಬೇಡ, ಸಾಲು ಬಹಳ ಉದ್ದ. ಗೋದಾವರಿ ಹುಟ್ಟುವ ಬ್ರಹ್ಮಗಿರಿಗೆ ಮೆಟ್ಟಿಲು ತುಂಬಾ, ಅವ್ವ ಕೆಳಗಿನಿಂದಲೇ ನೋಡಲಿ. ಗುಡಿ ಹತ್ತಿರದ ಕುಶಾವರ್ತ ಕುಂಡಕ್ಕೆ ನಡೆದೇ ಹೋಗಬಹುದು. ದಾರಿಯಲ್ಲಿ ಅಂಜನೇರಿ ಬೆಟ್ಟ ಸಿಗುತ್ತದೆ. ಹನುಮಂತ ಹುಟ್ಟಿದ್ದು ಅಲ್ಲಿ ಅಂತ ಅವರ ನಂಬಿಕೆ. ನಮಗೆ ಆನೆಗೊಂದಿಯ ಅಂಜನಾದ್ರಿ ಇದೆ ಅಲ್ವಾ, ಅವ್ವ ವಾದಕ್ಕೆ ಇಳಿದರೆ ತಡೆಯಬೇಡಿ.

ಜತ್ತದಿಂದ:
ನಾನೂ ದ್ರಾಕ್ಷಿ ಬೆಳೆಗಾರ. ಹಾಗಾಗಿ ಇದು ನಿಮ್ಮ ಯಜಮಾನರಿಗೆ. ಸುಲಾ, ಯಾರ್ಕ್ ಅನ್ನುವ ವೈನ್ ಮಾಡುವ ಜಾಗಗಳು ಎರಡೂ ಗಂಗಾಪುರ ಅಣೆಕಟ್ಟಿನ ಕಡೆ ಅಕ್ಕಪಕ್ಕದಲ್ಲೇ ಇವೆ. ದುಡ್ಡು ಕೊಟ್ಟರೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ರುಚಿ ನೋಡುವುದಕ್ಕಿಂತ ತೋಟ ನೋಡುವುದಕ್ಕೆ ಹೆಚ್ಚು ಸಮಯ ಕೊಡಿ ಸರ್. ನಾವು ಥಾಮ್ಸನ್, ಸೊನಾಕಾದಂಥ ತಿನ್ನುವ ದ್ರಾಕ್ಷಿ ತಳಿಗಳ ಕಾಯಿ ದಪ್ಪ ಆಗಲಿ ಅಂತ ಜಿಎ (ಜಿಬ್ಬರೆಲಿಕ್ ಆಮ್ಲ, ಬೆಳವಣಿಗೆಯ ಹಾರ್ಮೋನ್) ಹೊಡೆಯುತ್ತೇವೆ. ವೈನ್ ಮಾಡುವವರಿಗೆ ಕಾಯಿ ಸಣ್ಣದೇ ಬೇಕು. ಕೆಂಪು ವೈನ್‌ನ ಬಣ್ಣ, ಒಗರು ಎಲ್ಲ ಸಿಪ್ಪೆಯಿಂದ ಬರುವುದು. ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆ ಜಾಸ್ತಿ ಸಿಗುತ್ತದೆ. ಬಿಳಿ ವೈನ್‌ಗೆ ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಮಾತ್ರ ನಮ್ಮಂತೆಯೇ.

ರೈತರ ಜೊತೆ ಒಪ್ಪಂದ ಮಾಡಿಕೊಂಡು ದ್ರಾಕ್ಷಿ ಕೊಳ್ಳುವ ಪದ್ಧತಿ ಅಲ್ಲಿದೆ. ದರ ಹೇಗೆ ಕಟ್ಟುತ್ತಾರೆ, ಸಕ್ಕರೆ ಅಂಶ ಎಷ್ಟಿರಬೇಕು ಅಂತ ತೋಟದಲ್ಲಿ ಕೆಲಸ ಮಾಡುವವರನ್ನೇ ಕೇಳಿ. ಗ್ಲಾಸು ಕೊಡುವ ಹುಡುಗರಿಗೆ ಅದು ಗೊತ್ತಿರಬೇಕೆಂದಿಲ್ಲ. ಕುಡಿಯುವುದಿದ್ದರೆ ಬಾಡಿಗೆ ಗಾಡಿ ಮಾಡಿ, ಸ್ಟಿಯರಿಂಗ್ ಮುಟ್ಟಬೇಡಿ.

ಉಮರ್ಗಾದಿಂದ:
ಅವ್ವ ವೈನ್ ಜಾಗಕ್ಕೆ ಬಂದರೆ ಮುಜುಗರ ಆಗುತ್ತದಾ ಅಂತ ಯೋಚನೆ ಇದ್ದರೆ ಬಿಡಿ. ಕುಟುಂಬದವರು ಬರುತ್ತಾರೆ, ಕುಡಿಯದವರೂ ಬರುತ್ತಾರೆ. ಸಂಜೆ ಅಣೆಕಟ್ಟಿನ ನೀರು, ಆಚೆ ಗುಡ್ಡ ನೋಡುತ್ತಾ ಕೂತಿರಬಹುದು. ನಮ್ಮ ಅತ್ತೆ ಎದ್ದು ಬರಲು ಒಪ್ಪಲೇ ಇಲ್ಲ!

ರೈಲಿನಲ್ಲಿ ಹೋಗುವುದಾದರೆ ಸೊಲ್ಲಾಪುರದಿಂದ ಕರ್ನಾಟಕ ಎಕ್ಸ್‌ಪ್ರೆಸ್ ಮನ್ಮಾಡ್‌ಗೆ ಹೋಗುತ್ತದೆ, ಅಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ನಾಸಿಕ್ ರೋಡ್ ಸ್ಟೇಷನ್ ಊರಿಂದ ದೂರ ಇದೆ, ರಾಮಕುಂಡದ ಹತ್ತಿರವೇ ಅಂದುಕೊಂಡು ರೂಮು ಹಿಡಿಯಬೇಡಿ. ಮಹಾರಾಷ್ಟ್ರ ಸರ್ಕಾರದ ಎಸ್‌ಟಿ ಬಸ್ಸಾದರೆ ಹೆಂಗಸರಿಗೆ ಅರ್ಧ ಟಿಕೆಟ್. ಅವ್ವನಿಗೆ 75 ದಾಟಿದ್ದರೆ ಟಿಕೆಟ್ಟೇ ಇಲ್ಲ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಬೆಳಗಿನ ತಿಂಡಿಗೆ ಮಿಸಳ್ (ಮೊಳಕೆ ಕಾಳಿನ ಉಸಳಿನ ಮೇಲೆ ಫರಸಾಣ) ತಿನ್ನಿ, ಖಾರ ಇರುತ್ತದೆ, ಅವ್ವನಿಗೆ ಮೊಸರು ಹಾಕಿಸಿ.

ಸೊಲ್ಲಾಪುರದಿಂದ ಮತ್ತೆ:
ಒಂದು ಮಾತು ಬಿಟ್ಟುಹೋಗಿತ್ತು. ಮಹಾಶಿವರಾತ್ರಿ ಎಂದು ಬರುತ್ತದೆ ಅಂತ ಕ್ಯಾಲೆಂಡರ್ ನೋಡಿ, ಆ ವಾರ ತಪ್ಪಿಸಿ. 2027ರಲ್ಲಿ ಸಿಂಹಸ್ಥ ಕುಂಭಮೇಳ ಇದೆ. ಮೇಳಕ್ಕೇ ಹೋಗುವ ಮನಸ್ಸಿಲ್ಲದಿದ್ದರೆ ಅದರ ಪರ್ವಸ್ನಾನದ ದಿನಗಳೂ ಬೇಡ. ಮೊಣಕಾಲು ನೋವಿನವರನ್ನು ಆ ಜನಜಂಗುಳಿಯಲ್ಲಿ ನಡೆಸುವುದು ಕಷ್ಟ.