ಹಾಸಿಗೆ ಹಿಡಿದವರ ಮನೆಭೇಟಿಗೆ ಬರುವ ಸ್ವಯಂಸೇವಕರು ನಡುವೆಯೇ ಬಿಟ್ಟುಹೋಗದಂತೆ ನಡೆಸಿಕೊಳ್ಳುವುದು ಹೇಗೆ?

ಪ್ರಶ್ನೆ: ಶಿರಸಿಯ ಸಂಚಾಲಕ

ಎಲ್ಲರಿಗೂ ನಮಸ್ಕಾರ. ಶಿರಸಿ ಮತ್ತು ಸಿದ್ದಾಪುರ ತಾಲೂಕುಗಳ ಕೆಲವು ಹಳ್ಳಿಗಳಲ್ಲಿ ಕ್ಯಾನ್ಸರ್, ಪಾರ್ಶ್ವವಾಯು ಅಥವಾ ಮುಪ್ಪಿನಿಂದ ಹಾಸಿಗೆ ಹಿಡಿದವರ ಆರೈಕೆಗೆ ನೆರವಾಗುವ ಸಣ್ಣ ಸಂಸ್ಥೆಯೊಂದನ್ನು ನಾವು ನಡೆಸುತ್ತಿದ್ದೇವೆ. ಸಂಬಳ ಪಡೆಯುವವರು ಒಬ್ಬ ನರ್ಸ್ ಮಾತ್ರ. ಉಳಿದ ಕೆಲಸವೆಲ್ಲ ಸ್ವಯಂಸೇವಕರಿಂದಲೇ ನಡೆಯಬೇಕು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿರುವುದರಿಂದ, ತೋಟದ ನಡುವಿನ ಒಂಟಿ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಡತಿಯೇ ಎಂಬತ್ತು ದಾಟಿದ ಗಂಡನ ಮಗ್ಗುಲು ಬದಲಿಸಬೇಕಾದ ಸ್ಥಿತಿ ಇಲ್ಲಿ ಅಪರೂಪವಲ್ಲ.

ಸಭೆ ಕರೆದು ವಿಷಯ ತಿಳಿಸಿದಾಗ ಹೆಸರು ಕೊಡುವವರಿಗೆ ಕೊರತೆಯಿಲ್ಲ. ಆದರೆ ಅಡಿಕೆ ಕೊಯ್ಲು ಶುರುವಾದೊಡನೆ ಹಲವರು ಹಿಂದೆ ಸರಿಯುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದು, ತೋಟಕ್ಕೆ ಮದ್ದು ಹೊಡೆಯುವ ಕೆಲಸವೂ ಬಂದಾಗ ಮತ್ತಷ್ಟು ಜನ ನಿಲ್ಲಿಸುತ್ತಾರೆ. ಕಾಯಿಲೆಯವರ ಪಾಲಿಗೆ ಮಳೆಗಾಲವೇ ಅತಿ ಕಷ್ಟದ ಕಾಲ. ಎಂಥವರನ್ನು ಆರಿಸಬೇಕು, ಎಷ್ಟು ತರಬೇತಿ ಕೊಡಬೇಕು, ಬಂದವರನ್ನು ಯಾರು ಮುನ್ನಡೆಸಬೇಕು ಎಂಬ ಬಗ್ಗೆ ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಕುಮಟಾದ ಮನೆ ಆರೈಕೆ ಕಾರ್ಯಕರ್ತೆ

ಸಂಚಾಲಕರೇ, ನಿಮ್ಮ ಊರಿನವರಿಗೆ ಸೇವಾ ಮನೋಭಾವ ಕಡಿಮೆಯೆಂದು ದಯವಿಟ್ಟು ತೀರ್ಮಾನಿಸಬೇಡಿ. ತೋಟಗಾರರ ಸಹಕಾರಿ ಮಾರಾಟ ಸಂಘವನ್ನು 1923ರಲ್ಲೇ ಕಟ್ಟಿದ, ಒಬ್ಬರ ಕೆಲಸಕ್ಕೆ ಮತ್ತೊಬ್ಬರು ಕೂಲಿಯಿಲ್ಲದೆ ಸರದಿಯಂತೆ ದುಡಿಯುವ ಮುಯ್ಯಾಳು ಪದ್ಧತಿಯನ್ನು ಇಂದಿಗೂ ಮರೆಯದ ಸೀಮೆ ಅದು. ಕೊಯ್ಲಿನ ಹೊತ್ತಿನಲ್ಲಿ ಕೃಷಿಕ ಬರಲಾರನೆಂಬುದು ಮೊದಲೇ ಗೊತ್ತಿರುವ ಸಂಗತಿಯಾದ್ದರಿಂದ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ವರ್ಷದ ಪಾಳಿಯನ್ನು ಹಾಕಬೇಕು. ಹೆಸರು ಬರೆಸಿಕೊಳ್ಳುವಾಗಲೇ ‘ಯಾವ ತಿಂಗಳುಗಳಲ್ಲಿ ನಿಮಗೆ ಬಿಡುವಿಲ್ಲ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ತೋಟವಿಲ್ಲದ ನಿವೃತ್ತ ಶಿಕ್ಷಕರು, ಅಂಚೆ ನೌಕರರು, ಪೇಟೆಯ ಅಂಗಡಿಯವರು ಕೊಯ್ಲಿನ ತಿಂಗಳುಗಳನ್ನು ನಿಭಾಯಿಸಬಲ್ಲರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ, ನಿಮ್ಮಲ್ಲಿ ಕೈಗಳು ಕಡಿಮೆಯಾಗುವ ಹೊತ್ತಿಗೇ ನಮ್ಮಲ್ಲಿ ಮೀನುಗಾರ ಕುಟುಂಬಗಳ ಯುವಕರು ಬಿಡುವಾಗಿ ಸಿಗುತ್ತಾರೆ.

ಎರಡನೆಯದಾಗಿ, ಕೇಳುವ ಸಮಯ ಕಡಿಮೆಯಿರಲಿ, ಆದರೆ ಖಚಿತವಾಗಿರಲಿ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಆರಂಭವಾದ ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯ) ಕೆಲಸ, ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಅಲ್ಲಿ ಸ್ವಯಂಸೇವಕರಿಂದ ನಿರೀಕ್ಷಿಸಿದ್ದು ವಾರಕ್ಕೆ ಕನಿಷ್ಠ 2 ಗಂಟೆ, ಅದೂ ತಮ್ಮದೇ ಊರಿನ ರೋಗಿಗಳಿಗಾಗಿ. ತರಬೇತಿಯು 16 ಗಂಟೆಗಳ ಪಾಠ ಮತ್ತು ಅನುಭವಿಗಳ ಜೊತೆ 4 ದಿನಗಳ ಭೇಟಿ. ಸಾಮಾನ್ಯ ಜನರೇ ಹೊತ್ತುಕೊಂಡ ಈ ಕೆಲಸ ಬಲವಾಗಿ ಬೇರೂರಿದ ನಂತರ, 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗಾಗಿಯೇ ನೀತಿಯನ್ನು ಪ್ರಕಟಿಸಿತು. ನನ್ನ ದೃಷ್ಟಿಯಲ್ಲಿ ಇದರ ಜೀವಾಳ ‘ತಮ್ಮದೇ ಊರು’ ಎಂಬ ನಿಯಮದಲ್ಲಿದೆ. ಹಳ್ಳದ ಮೇಲಿನ ಕಾಲುಸಂಕ (ಕಿರುಸೇತುವೆ) ದಾಟಿ, ಕೆಸರಿನ ದಾರಿಯಲ್ಲಿ ಬೇರೆ ಹಳ್ಳಿಗೆ ಹೋಗಬೇಕಾದವರು ಜುಲೈನಲ್ಲಿ ನಿಂತೇ ನಿಲ್ಲುತ್ತಾರೆ. ಆಚೆ ಮನೆಯವರು ನಿಲ್ಲುವುದಿಲ್ಲ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ, ಆದ್ದರಿಂದ ಹುಡುಕಾಟವನ್ನು ಅವರಿಂದಲೇ ಆರಂಭಿಸಿ.

ತರಬೇತಿಯಲ್ಲಿ ಭಾಷಣ ಕಡಿಮೆಯಿರಲಿ. ಸ್ವಯಂಸೇವಕರು ತಾವೇ ಮಂಚದ ಮೇಲೆ ಮಲಗಿ, ಮತ್ತೊಬ್ಬರಿಂದ ಮಗ್ಗುಲು ಬದಲಿಸಿಕೊಳ್ಳಲಿ. ಒರಟು ಕೈ ಹೇಗಿರುತ್ತದೆಂಬುದು ಆಗ ಮೈಗೇ ತಿಳಿಯುತ್ತದೆ. ಏಳಲಾಗದವರ ಮಗ್ಗುಲನ್ನು ಸುಮಾರು 2 ಗಂಟೆಗೊಮ್ಮೆ ಬದಲಿಸದಿದ್ದರೆ, ಚರ್ಮ ಒದ್ದೆಯಾಗಿಯೇ ಉಳಿದರೆ, ಹಾಸಿಗೆ ಹುಣ್ಣು ಏಕೆ ಆಗುತ್ತದೆ ಎಂಬುದನ್ನು ಕಾರಣ ಸಹಿತ ಹೇಳಿಕೊಡಿ. ಸ್ವಯಂಸೇವಕರು ವಾರಕ್ಕೊಮ್ಮೆ ಬರುವವರು. ದಿನವಿಡೀ ಮಗ್ಗುಲು ಬದಲಿಸುವವರು ಮನೆಯವರು. ಹಾಗಾಗಿ ಕಲಿತದ್ದನ್ನು ಮನೆಯವರಿಗೆ ಕಲಿಸುವುದೇ ಸ್ವಯಂಸೇವಕರ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ. ಬಾಯಿ ಶುಚಿ ಮಾಡುವುದು, ರೋಗಿ ಮಲಗಿರುವಂತೆಯೇ ಹಾಸು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ತಮ್ಮ ಬೆನ್ನಿಗೆ ಪೆಟ್ಟಾಗದಂತೆ ಎತ್ತುವುದು ಇವನ್ನೂ ಕಲಿಸಬೇಕು. ಔಷಧಿಯ ಪ್ರಮಾಣ ಬದಲಿಸಬಾರದು, ರೋಗಿಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬಾರದು, ಮನೆಯ ಮಾತನ್ನು ಹೊರಗೆ ಆಡಬಾರದು ಎಂಬುದನ್ನು ಬರಹದಲ್ಲಿ ಕೊಟ್ಟು ಸಹಿ ಪಡೆಯಿರಿ. ಸಣ್ಣ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಮುಂದೆ ಯಾವ ಮನೆಯವರೂ ಬಾಗಿಲು ತೆರೆಯುವುದಿಲ್ಲ.

ಉತ್ತರ 2: ಕಾರವಾರದ ಕಾಲೇಜು ಶಿಕ್ಷಕ

ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳನ್ನು ನೀವು ಬಳಸಿಕೊಳ್ಳಬಹುದು. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 120 ಗಂಟೆಗಳಂತೆ 2 ವರ್ಷ ಸೇವೆ ಸಲ್ಲಿಸಬೇಕು. ಆ ಗಂಟೆಗಳು ಕಾಲೇಜಿನ ಆವರಣ ಗುಡಿಸುವುದರಲ್ಲೇ ಮುಗಿದುಹೋಗುವ ಬದಲು ಇಂಥ ಕೆಲಸಕ್ಕೆ ಸಂದರೆ ನನಗೆ ನಿಜವಾಗಿಯೂ ಸಂತೋಷ. ಪ್ರಾಂಶುಪಾಲರಿಗೂ ಯೋಜನಾಧಿಕಾರಿಗೂ ಲಿಖಿತವಾಗಿ ಮನವಿ ಸಲ್ಲಿಸಿ, ಪರೀಕ್ಷೆಯ ತಿಂಗಳುಗಳನ್ನು ಕೈಬಿಟ್ಟು ವೇಳಾಪಟ್ಟಿ ಮಾಡಿರಿ.

ಆದರೆ ಹದಿನೆಂಟರ ಹುಡುಗ ಹುಡುಗಿಯರನ್ನು ಸಾವಿನ ಸಮೀಪವಿರುವವರ ಕೋಣೆಗೆ ಒಂಟಿಯಾಗಿ ಕಳುಹಿಸಬಾರದು. ಔಷಧಿ ತಂದುಕೊಡುವುದು, ಭೇಟಿಯ ದಾಖಲೆ ಬರೆಯುವುದು, ದೂರದ ಮಕ್ಕಳೊಂದಿಗೆ ವಿಡಿಯೋ ಕರೆ ಮಾಡಿಸುವುದು, ಪಿಂಚಣಿಯ ಅರ್ಜಿ ತುಂಬುವುದು ಅವರಿಗೆ ಹೊಂದುವ ಕೆಲಸಗಳು. ಹಿರಿಯ ಸ್ವಯಂಸೇವಕರೊಬ್ಬರು ಜೊತೆಗಿದ್ದಾಗ ಮಾತ್ರ ಆರೈಕೆಗೆ ಕೈಹಾಕಲಿ. ಬಸ್ಸಿನ ಖರ್ಚನ್ನು ಸಂಸ್ಥೆಯೇ ಕೊಡಲಿ; ಬಡ ಮನೆಯ ವಿದ್ಯಾರ್ಥಿ ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾನೆ.

ಉತ್ತರ 3: ಅಂಕೋಲಾದ ಸ್ವಯಂಸೇವಕಿ

ಮೇಲಿನ ಇಬ್ಬರ ಮಾತಿಗೂ ನನ್ನ ಗೌರವವಿದೆ. ಆದರೂ ವಿದ್ಯಾರ್ಥಿಗಳ ಮೇಲೆ ಹೆಚ್ಚು ಭಾರ ಹಾಕುವುದನ್ನು ನಾನು ಒಪ್ಪಲಾರೆ. ಅವರು ಎರಡು ವರ್ಷದಲ್ಲಿ ಊರು ಬಿಡುತ್ತಾರೆ, ರೋಗಿಗೆ ಬೇಕಾದದ್ದು ಪರಿಚಯದ ಮುಖ. ಐವತ್ತು ದಾಟಿದ, ತಮ್ಮ ಮನೆಯ ಹಿರಿಯರನ್ನು ತಾವೇ ನೋಡಿಕೊಂಡು ಅನುಭವವಿರುವ ಹೆಂಗಸರೇ ಈ ಕೆಲಸದ ಬೆನ್ನೆಲುಬು. ಅವರು ಸಭೆಗೆ ಬಂದು ಕೈ ಎತ್ತುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಗೆ ನೀವೇ ಹೋಗಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಬೇಕು. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಕೊಪ್ಪಗಳಿಗೆ (ಕೇರಿಗಳಿಗೆ) ಹೋಗುವವರು ಮೊದಲು ಅಲ್ಲಿನ ಮುಖಂಡರಾದ ಊರಗೌಡರನ್ನೂ ಬುದವಂತರನ್ನೂ ಕಂಡು ವಿಷಯ ತಿಳಿಸುವುದು ಒಳ್ಳೆಯದು. ಭಾಷೆಯನ್ನೂ ಗಮನಿಸಿ: ಕೊಂಕಣಿ ಮನೆಮಾತಿನ ಅಜ್ಜಿಗೆ ನೋವು ಎಲ್ಲಿದೆ, ಎಂಥದ್ದು ಎಂದು ಹೇಳಲು ಕೊಂಕಣಿಯೇ ಬೇಕಾಗುತ್ತದೆ.

ಮುಂದಾಳುತನದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಎಲ್ಲ ಫೋನ್ ಕರೆಗಳೂ ಸಂಸ್ಥೆ ಕಟ್ಟಿದವರೊಬ್ಬರಿಗೇ ಹೋಗುವಂತಿದ್ದರೆ, ಅವರಿಗೆ ಜ್ವರ ಬಂದ ದಿನ ಎಲ್ಲವೂ ನಿಲ್ಲುತ್ತದೆ. ನಾಲ್ಕೈದು ಸ್ವಯಂಸೇವಕರಿಗೆ ಒಬ್ಬರು ಹಿರಿಯರಿರಲಿ. ಪಾಳಿ ಬದಲಿಸುವ, ಸಣ್ಣ ಖರ್ಚು ಮಾಡುವ ಅಧಿಕಾರ ಅವರ ಕೈಯಲ್ಲೇ ಇರಲಿ, ಮತ್ತು ಆ ತೀರ್ಮಾನವನ್ನು ಸಂಚಾಲಕರು ನಂತರ ತಿದ್ದದಿರಲಿ. ಭೇಟಿ ಮುಗಿದ ಸಂಜೆ ಆ ಹಿರಿಯರು ಫೋನ್ ಮಾಡಿ, ರೋಗಿ ಹೇಗಿದ್ದಾರೆ ಎಂದಷ್ಟೇ ಅಲ್ಲದೆ, ನಿನಗೆ ಹೇಗನ್ನಿಸಿತು ಎಂದೂ ಕೇಳಬೇಕು. ನೆಟ್‌ವರ್ಕ್ ಸಿಗದ ಕಡೆ ಮರುದಿನವಾದರೂ ಕೇಳಲಿ. ಜನ ಬಿಟ್ಟುಹೋಗುವುದಕ್ಕೆ ಮಳೆ, ಕೊಯ್ಲುಗಳಿಗಿಂತ ದೊಡ್ಡ ಕಾರಣ ಇದರ ಅಭಾವವೆಂದು ನಾನು ಬಲವಾಗಿ ನಂಬಿದ್ದೇನೆ.

ಮುಖ್ಯವಾಗಿ, ರೋಗಿ ತೀರಿಕೊಂಡಾಗ ಸ್ವಯಂಸೇವಕಿಯೂ ದುಃಖದಲ್ಲಿರುತ್ತಾಳೆ. ವಾರವಾರವೂ ತಲೆ ಬಾಚಿದ ಅಮ್ಮ ಇಲ್ಲವಾದ ಮರುದಿನವೇ ಆಕೆಯ ಕೈಗೆ ಹೊಸ ಮನೆಯ ವಿಳಾಸ ಕೊಡಬೇಡಿ. ಆಕೆ ಆ ಮನೆಯವರನ್ನು ಮತ್ತೊಮ್ಮೆ ಕಂಡು ಬರಲಿ, ಗುಂಪಿನಲ್ಲಿ ಕುಳಿತು ಮಾತಾಡಲಿ, ಬೇಕಾದಷ್ಟು ದಿನ ವಿರಾಮ ಪಡೆಯಲಿ. ವಿರಾಮ ಪಡೆದವರ ಹೆಸರನ್ನು ಪಟ್ಟಿಯಿಂದ ಅಳಿಸಬಾರದು.

ಪ್ರಶ್ನೆ ಕೇಳಿದವರಿಂದ: ಶಿರಸಿಯ ಸಂಚಾಲಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಲೂಕಿಡೀ ಕರೆ ಕೊಡುವುದನ್ನು ನಿಲ್ಲಿಸಿ, ರೋಗಿಗಳು ಹೆಚ್ಚಿರುವ ಎರಡು ಹಳ್ಳಿಗಳಲ್ಲಿ ಮಾತ್ರ, ಸ್ವಸಹಾಯ ಸಂಘಗಳ ಮೂಲಕ ಆರಂಭಿಸಲು ನಿರ್ಧರಿಸಿದ್ದೇವೆ. ಬಿಡುವಿಲ್ಲದ ತಿಂಗಳುಗಳ ಪಟ್ಟಿಯನ್ನು ನಮ್ಮ ನರ್ಸ್ ಈಗಾಗಲೇ ಬರೆಯತೊಡಗಿದ್ದಾರೆ. ಕುಮಟಾದ ಅಕ್ಕ, ಮಗ್ಗುಲು ಬದಲಿಸುವುದನ್ನು ಕಲಿಸಲು ನಿಮ್ಮ ತಂಡದ ಇಬ್ಬರು ಮಳೆಗಾಲಕ್ಕೆ ಮೊದಲು ಘಟ್ಟ ಹತ್ತಿ ಬರುವುದು ಸಾಧ್ಯವೇ? ಊಟ, ವಸತಿ ಮತ್ತು ಪ್ರಯಾಣದ ಖರ್ಚನ್ನು ನಾವು ನೋಡಿಕೊಳ್ಳುತ್ತೇವೆ.